ಸ್ಕೂಬಲ್ ಡೆಟ್ರಾಯಿಟ್ ಬಿಟ್ಟು ಹೋಗಲಿಲ್ಲ, ಅದೇ ಸರಿ

ಈ ಚಳಿಗಾಲ (2025-26) ಪೂರ್ತಿ ಅಮೆರಿಕದ ಬೇಸ್‌ಬಾಲ್ ಮಂದಿ ಒಂದೇ ಪ್ರಶ್ನೆ ಹಿಡಿದುಕೊಂಡು ಕೂತಿದ್ದರು. ಡೆಟ್ರಾಯಿಟ್ ಟೈಗರ್ಸ್ ತಂಡ ತನ್ನ ಅತ್ಯುತ್ತಮ ಪಿಚ್ಚರ್ (ಬ್ಯಾಟರ್‌ಗೆ ಚೆಂಡು ಎಸೆಯುವ ಆಟಗಾರ) ತಾರಿಕ್ ಸ್ಕೂಬಲ್ ಅವರನ್ನು ಬೇರೆಯವರಿಗೆ ಕೊಡುತ್ತದಾ, ಇಲ್ವಾ? ಲಾಸ್ ಏಂಜಲಿಸ್‌ನ ಡಾಡ್ಜರ್ಸ್ ಹೆಸರು ಬಂತು, ನ್ಯೂಯಾರ್ಕ್‌ನ ಮೆಟ್ಸ್ ಹೆಸರು ಬಂತು, ಯಾಂಕೀಸ್ ಹೆಸರೂ ಬಂತು. ಡಿಸೆಂಬರ್‌ನಲ್ಲಿ ಒರ್ಲಾಂಡೋದಲ್ಲಿ ನಡೆದ ತಂಡಗಳ ವಾರ್ಷಿಕ ಸಭೆ ವಿಂಟರ್ ಮೀಟಿಂಗ್ಸ್‌ನಲ್ಲೂ ಇದೇ ಮಾತು. ಕೊನೆಗೆ ಫೆಬ್ರವರಿಯಲ್ಲಿ ಫ್ಲಾರಿಡಾದ ಲೇಕ್‌ಲ್ಯಾಂಡ್‌ನಲ್ಲಿ ಟೈಗರ್ಸ್ ತರಬೇತಿ ಶುರುವಾದಾಗ ಸ್ಕೂಬಲ್ ಅದೇ ತಂಡದ ಅಂಗಿ ಹಾಕಿಕೊಂಡಿದ್ದರು.

ಅಷ್ಟೊಂದು ಮಾತಾಡಿಯೂ ಏನೂ ಆಗದೆ ಇದ್ದದ್ದು ಯಾಕೆ ಅಂತ ನೋಡಿದರೆ, ಬೇಸ್‌ಬಾಲ್ ತಂಡಗಳು ಚಳಿಗಾಲದಲ್ಲಿ ಹೇಗೆ ಯೋಚಿಸುತ್ತವೆ ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಡೆಟ್ರಾಯಿಟ್ ಮಾಡಿದ್ದು ಸರಿ. "ಇನ್ನೊಂದು ವರ್ಷ ಇಟ್ಟುಕೊಂಡರೆ ಕೈಗೇನೂ ಸಿಗದೆ ಹೋಗಿಬಿಡುತ್ತಾರೆ, ಈಗಲೇ ಕೊಟ್ಟು ನಾಲ್ಕು ಹುಡುಗರನ್ನು ತೆಗೆದುಕೊಳ್ಳಿ" ಅನ್ನುವ ವಾದವನ್ನು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಲೆಕ್ಕ. ಆ ಒಂದು ವರ್ಷ ಮೈದಾನದಲ್ಲಿ ನಡೆಯುವ ಆಟಕ್ಕೆ ಆ ಲೆಕ್ಕದಲ್ಲಿ ಬೆಲೆಯೇ ಇಲ್ಲ.

ಸ್ಕೂಬಲ್ ಯಾರು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಎಡಗೈ ಪಿಚ್ಚರ್. 2018ರಲ್ಲಿ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಒಂಬತ್ತನೇ ಸುತ್ತಿನವರೆಗೂ ಅವರನ್ನು ಯಾರೂ ಆರಿಸಿರಲಿಲ್ಲ. ಕಾಲೇಜಿನಲ್ಲಿದ್ದಾಗಲೇ ಮೊಣಕೈಗೆ ಟಾಮಿ ಜಾನ್ ಸರ್ಜರಿ (ಹರಿದ ಲಿಗಮೆಂಟ್ ಬದಲಿಸುವುದು) ಆಗಿತ್ತು. 2022ರಲ್ಲಿ ಅದೇ ತೋಳಿಗೆ ಇನ್ನೊಂದು ಸರ್ಜರಿ. ಅಲ್ಲಿಂದ ಎದ್ದು ಬಂದು 2024 ಮತ್ತು 2025, ಎರಡು ವರ್ಷವೂ ಅಮೆರಿಕನ್ ಲೀಗ್‌ನ (ಮೇಜರ್ ಲೀಗ್ ಬೇಸ್‌ಬಾಲ್‌ನ ಎರಡು ಭಾಗಗಳಲ್ಲಿ ಒಂದು) ಅತ್ಯುತ್ತಮ ಪಿಚ್ಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದರು. ಆ ಲೀಗ್‌ನಲ್ಲಿ ಸತತ ಎರಡು ವರ್ಷ ಈ ಪ್ರಶಸ್ತಿ ಪಡೆದವರು ಪೆಡ್ರೊ ಮಾರ್ಟಿನೆಜ್ ನಂತರ ಇವರೇ. ಮಾರ್ಟಿನೆಜ್ ಗೆದ್ದದ್ದು 1999 ಮತ್ತು 2000ರಲ್ಲಿ. 2025ರಲ್ಲಿ ಸ್ಕೂಬಲ್ 241 ಬ್ಯಾಟರ್‌ಗಳನ್ನು ಸ್ಟ್ರೈಕೌಟ್ ಮಾಡಿದರು, ಅಂದರೆ ಚೆಂಡು ಹೊಡೆಯಲಾಗದಂತೆ ಎಸೆದು ಔಟ್ ಮಾಡಿದರು. ಇಆರ್‌ಎ 2.21. ಅಂದರೆ ಒಂಬತ್ತು ಇನಿಂಗ್ಸಿಗೆ, ಒಂದು ಪೂರ್ತಿ ಪಂದ್ಯಕ್ಕೆ, ಸರಾಸರಿ ಎರಡು ಚಿಲ್ಲರೆ ರನ್. ನಾಲ್ಕರ ಆಸುಪಾಸು ಇದ್ದರೆ ಸಾಧಾರಣ ಪಿಚ್ಚರ್ ಅನ್ನುತ್ತಾರೆ.

ಇಂಥವರನ್ನು ಕೊಟ್ಟುಬಿಡುವ ಮಾತು ಯಾಕೆ ಬಂತು? ಅದಕ್ಕೆ ಕಾರಣ ಅವರ ಆಟವಲ್ಲ, ಅವರ ಕ್ಯಾಲೆಂಡರ್.

ಮೇಜರ್ ಲೀಗ್‌ನಲ್ಲಿ ಸರ್ವಿಸ್ ಟೈಮ್ ಅಂತ ಒಂದು ಲೆಕ್ಕವಿದೆ. ಮೇಜರ್ ಲೀಗ್ ಪಟ್ಟಿಯಲ್ಲಿ 172 ದಿನ ಇದ್ದರೆ ಒಂದು ವರ್ಷ. ಹೀಗೆ ಆರು ವರ್ಷ ತುಂಬುವವರೆಗೆ ಆಟಗಾರ ತನ್ನ ತಂಡ ಬಿಟ್ಟು ಹೋಗುವಂತಿಲ್ಲ. ಮೊದಲ ಮೂರು ವರ್ಷ ಹೆಚ್ಚಿನವರಿಗೆ ಸಿಗುವುದು ಕನಿಷ್ಠ ಸಂಬಳ ಅಥವಾ ಅದಕ್ಕಿಂತ ತುಸು ಜಾಸ್ತಿ. 2026ಕ್ಕೆ ಕನಿಷ್ಠ ಸಂಬಳ 7.8 ಲಕ್ಷ ಡಾಲರ್. ಮುಂದಿನ ಮೂರು ವರ್ಷ ಸಂಬಳಕ್ಕಾಗಿ ಪ್ರತಿ ವರ್ಷ ಚೌಕಾಸಿ. ಮಾತು ಹೊಂದದಿದ್ದರೆ ಆರ್ಬಿಟ್ರೇಷನ್, ಅಂದರೆ ಮಧ್ಯಸ್ಥಗಾರರ ಮುಂದೆ ವಾದ. ಆರು ವರ್ಷ ಮುಗಿದ ಮೇಲೆ ಫ್ರೀ ಏಜೆಂಟ್. ಯಾವ ತಂಡ ಬೇಕಾದರೂ ಕರೆಯಬಹುದು, ಎಷ್ಟು ಬೇಕಾದರೂ ಕೊಡಬಹುದು. ಸ್ಕೂಬಲ್ ಅವರಿಗೆ ಆ ದಿನ ಬರುವುದು 2026ರ ಸೀಸನ್ ಮುಗಿದ ಮೇಲೆ. ಟೈಗರ್ಸ್ ಕೈಯಲ್ಲಿ ಉಳಿದಿರುವುದು ಒಂದೇ ವರ್ಷ.

ಟ್ರೇಡ್ ಸುದ್ದಿಯಲ್ಲಿ ಹುರುಳಿದೆಯೋ ಇಲ್ಲವೋ ನೋಡಬೇಕಾದರೆ ಮೊದಲು ಈ ಒಂದು ಅಂಕಿ ನೋಡಬೇಕು. ಪಿಟ್ಸ್‌ಬರ್ಗ್‌ನ ಪಾಲ್ ಸ್ಕೀನ್ಸ್ ಅವರನ್ನೇ ತೆಗೆದುಕೊಳ್ಳಿ. 2025ರ ನ್ಯಾಷನಲ್ ಲೀಗ್ ಸೈ ಯಂಗ್ ಅವರದ್ದು. ಯಾಂಕೀಸ್‌ಗೆ ಹೋಗಬೇಕು ಅಂತ ಅವರಿಗೆ ಆಸೆಯಿದೆ ಎಂದು ನವೆಂಬರ್‌ನಲ್ಲಿ ಸುದ್ದಿ ಹಬ್ಬಿತು. ಹಾಗೇನೂ ಇಲ್ಲ ಅಂತ ಅವರೇ ಹೇಳಿದರು. ಅವರು ಹೇಳದಿದ್ದರೂ ಸುದ್ದಿ ಗಟ್ಟಿಯಿರಲಿಲ್ಲ. ಸ್ಕೀನ್ಸ್ ಫ್ರೀ ಏಜೆಂಟ್ ಆಗುವುದು 2029ರ ನಂತರ. ನಾಲ್ಕು ವರ್ಷ ಕಡಿಮೆ ಖರ್ಚಿನಲ್ಲಿ ಆಡುವ ಇಂಥ ಪಿಚ್ಚರ್‌ನನ್ನು ಯಾವ ತಂಡ ತಾನೇ ಕೊಡುತ್ತದೆ? ಸ್ಕೂಬಲ್ ವಿಷಯ ಹಾಗಲ್ಲ. ಅಲ್ಲಿ ಸುದ್ದಿಗೆ ಬುಡ ಇತ್ತು.

ಐಪಿಎಲ್ ನೋಡುವ ನಮಗೆ ಇಲ್ಲಿ ಒಂದು ವ್ಯತ್ಯಾಸ ತಕ್ಷಣ ಕಣ್ಣಿಗೆ ಬೀಳುತ್ತದೆ. 2025ರ ನವೆಂಬರ್‌ನಲ್ಲಿ ಸಂಜು ಸ್ಯಾಮ್ಸನ್ ಚೆನ್ನೈಗೆ ಹೋದರು, ರವೀಂದ್ರ ಜಡೇಜ ಮತ್ತು ಸ್ಯಾಮ್ ಕರನ್ ರಾಜಸ್ಥಾನಕ್ಕೆ ಬಂದರು. ಅಂಥ ಟ್ರೇಡ್‌ಗೆ ಆಟಗಾರನ ಒಪ್ಪಿಗೆ ಬೇಕೇ ಬೇಕು. ಬೇಸ್‌ಬಾಲ್‌ನಲ್ಲಿ ಬೇಕಿಲ್ಲ. ಬೆಳಿಗ್ಗೆ ಫೋನ್ ಬಂದರೆ ಸಂಜೆ ಇನ್ನೊಂದು ಊರಿಗೆ ಹೊರಡಬೇಕು. ಹೆಂಡತಿಯ ಕೆಲಸ, ಮಕ್ಕಳ ಸ್ಕೂಲು ಯಾವುದೂ ಲೆಕ್ಕಕ್ಕಿಲ್ಲ. ಇದನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದ್ದು ಕರ್ಟ್ ಫ್ಲಡ್. 1969ರಲ್ಲಿ ಸೇಂಟ್ ಲೂಯಿಸ್ ತಂಡ ಅವರನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟಿತು. ನಾನು ಕೊಂಡು ಮಾರುವ ಆಸ್ತಿ ಅಲ್ಲ ಎಂದು ಅವರು ಕಮಿಷನರ್‌ಗೆ ಪತ್ರ ಬರೆದರು. ಕೋರ್ಟಿಗೆ ಹೋದರು. 1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ 5-3ರಿಂದ ಸೋತರು. ಅವರ ಆಟದ ಬದುಕು ಅಲ್ಲಿಗೇ ಮುಗಿದಂತಾಯಿತು. ಆದರೆ ಅವರು ಎಬ್ಬಿಸಿದ ಪ್ರಶ್ನೆ ಮುಗಿಯಲಿಲ್ಲ. 1975ರ ಡಿಸೆಂಬರ್‌ನಲ್ಲಿ ಪೀಟರ್ ಸೈಟ್ಜ್ ಅನ್ನುವ ಮಧ್ಯಸ್ಥಗಾರ ಇನ್ನಿಬ್ಬರು ಪಿಚ್ಚರ್‌ಗಳ ಪರ ತೀರ್ಪು ಕೊಟ್ಟಾಗ ಫ್ರೀ ಏಜೆನ್ಸಿ ಹುಟ್ಟಿತು. ಇವತ್ತು ಸ್ಕೂಬಲ್ ಅವರಿಗೆ ಆರು ವರ್ಷದ ಕೊನೆಯಲ್ಲಿ ಬಾಗಿಲು ತೆರೆಯುತ್ತದೆ ಅಂದರೆ ಅದರ ಹಿಂದೆ ಫ್ಲಡ್ ಕಳೆದುಕೊಂಡ ವರ್ಷಗಳಿವೆ. ಟ್ರೇಡ್ ಸುದ್ದಿ ಓದುವಾಗ ಇದನ್ನು ಮರೆಯಬಾರದು ಅಂತ ನನಗೆ ಅನಿಸುತ್ತದೆ.

ಈಗಲೂ ಟ್ರೇಡ್ ಬೇಡ ಅನ್ನುವ ಹಕ್ಕು ಕೆಲವರಿಗೆ ಮಾತ್ರ. ಹತ್ತು ವರ್ಷ ಆಡಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿ ಇದ್ದವರಿಗೆ ಅದು ತಾನಾಗಿ ಬರುತ್ತದೆ. ಉಳಿದವರು ಕರಾರಿನಲ್ಲಿ ಬರೆಸಿಕೊಂಡಿರಬೇಕು. ಸೇಂಟ್ ಲೂಯಿಸ್‌ನಲ್ಲಿದ್ದ ನೋಲನ್ ಅರೆನಾಡೊ ಹಾಗೆ ಬರೆಸಿಕೊಂಡಿದ್ದರು. 2024ರ ಡಿಸೆಂಬರ್‌ನಲ್ಲಿ ಹ್ಯೂಸ್ಟನ್‌ಗೆ ಹೋಗುವ ಟ್ರೇಡ್ ಕುದುರಿದ್ದಾಗ ಬೇಡ ಅಂದರು, ಅದು ಅಲ್ಲೇ ನಿಂತಿತು.

ಡೆಟ್ರಾಯಿಟ್‌ಗೆ ಬರೋಣ. ಈ ಊರಿಗೆ ಇದು ಹೊಸ ಪ್ರಶ್ನೆ ಅಲ್ಲ. ಕಳೆದ ಹನ್ನೆರಡು ವರ್ಷದಲ್ಲಿ ಮೂವರು ದೊಡ್ಡ ಪಿಚ್ಚರ್‌ಗಳ ವಿಷಯದಲ್ಲಿ ಮೂರು ಬೇರೆ ಬೇರೆ ದಾರಿ ಹಿಡಿದು ನೋಡಿದೆ.

ಮೊದಲನೆಯವರು ಮ್ಯಾಕ್ಸ್ ಶರ್ಝರ್. 2013ರ ಸೈ ಯಂಗ್ ವಿಜೇತ. 2014ರ ಸೀಸನ್ ಶುರುವಾಗುವ ಮುಂಚೆ ಟೈಗರ್ಸ್ ಅವರಿಗೆ 14.4 ಕೋಟಿ ಡಾಲರ್ ಕೊಡುತ್ತೇವೆ ಅಂದಿತು. ಅವರು ಒಪ್ಪಲಿಲ್ಲ. ಟೈಗರ್ಸ್ ಅವರನ್ನು ಮಾರಲಿಲ್ಲ, ಆಡಿಸಿತು. ಆ ವರ್ಷ 18 ಗೆಲುವು ತಂದುಕೊಟ್ಟರು, ತಂಡ ತನ್ನ ಡಿವಿಷನ್ (ಲೀಗಿನೊಳಗಿನ ಐದು ತಂಡಗಳ ಗುಂಪು) ಗೆದ್ದಿತು, ಆಮೇಲೆ ಪ್ಲೇಆಫ್‌ನಲ್ಲಿ ಬಾಲ್ಟಿಮೋರ್ ಎದುರು ಮೂರಕ್ಕೆ ಮೂರೂ ಸೋತಿತು. ಶರ್ಝರ್ ವಾಷಿಂಗ್ಟನ್‌ಗೆ ಹೊರಟರು, ಏಳು ವರ್ಷಕ್ಕೆ 21 ಕೋಟಿ ಡಾಲರ್. ಡೆಟ್ರಾಯಿಟ್‌ಗೆ ಸಿಕ್ಕಿದ್ದು ಒಂದು ಡ್ರಾಫ್ಟ್ ಪಿಕ್.

ಎರಡನೆಯವರು ಡೇವಿಡ್ ಪ್ರೈಸ್. 2014ರ ಜುಲೈನಲ್ಲಿ ಟೈಗರ್ಸ್ ಇವರನ್ನು ಟ್ಯಾಂಪಾದಿಂದ ತರಿಸಿಕೊಂಡಿತು. ಅದಕ್ಕೆ ಕೊಟ್ಟವರಲ್ಲಿ ವಿಲ್ಲಿ ಅಡಮೆಸ್ ಅನ್ನುವ ಹುಡುಗನೂ ಇದ್ದ. ಆ ಹುಡುಗ ಮುಂದೆ ಶಾರ್ಟ್‌ಸ್ಟಾಪ್ ಜಾಗದ ದೊಡ್ಡ ಆಟಗಾರ ಆದ. ಒಂದು ವರ್ಷದ ನಂತರ, 2015ರ ಜುಲೈ ಕೊನೆಗೆ, ತಂಡ ಸೋಲುತ್ತಿದೆ ಅಂತ ಪ್ರೈಸ್ ಅವರನ್ನು ಟೊರೊಂಟೊಗೆ ಕೊಟ್ಟಿತು. ಬಂದವರು ಮೂವರು ಎಡಗೈ ಪಿಚ್ಚರ್‌ಗಳು. ಅವರಲ್ಲಿ ಮ್ಯಾಥ್ಯೂ ಬಾಯ್ಡ್ ಹಲವು ವರ್ಷ ಚೆನ್ನಾಗಿಯೇ ಆಡಿದರು. ಆದರೆ ಪ್ರೈಸ್ ಮಟ್ಟದವರು ಒಬ್ಬರೂ ಬರಲಿಲ್ಲ.

ಮೂರನೆಯವರು ಜಸ್ಟಿನ್ ವರ್ಲ್ಯಾಂಡರ್. ಊರಿನ ಕಣ್ಮಣಿ. 2017ರ ಆಗಸ್ಟ್ 31ರ ರಾತ್ರಿ, ಆಗಿನ ಗಡುವು ಮುಗಿಯುವ ಕೊನೇ ಕ್ಷಣದಲ್ಲಿ ಹ್ಯೂಸ್ಟನ್‌ಗೆ ಹೋಗಲು ಒಪ್ಪಿದರು. ಬೇಡ ಅನ್ನುವ ಹಕ್ಕು ಅವರಿಗಿತ್ತು. ಅದೇ ವರ್ಷ ಹ್ಯೂಸ್ಟನ್ ಮೇಜರ್ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದಿತು. ಆಮೇಲೆ ಅಲ್ಲಿಯೇ ಇನ್ನೂ ಎರಡು ಸೈ ಯಂಗ್ ಗೆದ್ದರು. ಡೆಟ್ರಾಯಿಟ್‌ಗೆ ಬಂದ ಮೂವರಲ್ಲಿ ಎಲ್ಲರಿಗಿಂತ ಹೆಚ್ಚು ನಿರೀಕ್ಷೆ ಇದ್ದದ್ದು ಫ್ರಾಂಕ್ಲಿನ್ ಪೆರೆಜ್ ಮೇಲೆ. ಗಾಯದ ಮೇಲೆ ಗಾಯ, ಮೇಜರ್ ಲೀಗ್‌ನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. ಉಳಿದವರಲ್ಲಿ ಕ್ಯಾಚರ್ (ವಿಕೆಟ್ ಕೀಪರ್ ಥರ) ಜೇಕ್ ರಾಜರ್ಸ್ ಮಾತ್ರ ತಂಡಕ್ಕೆ ಗಟ್ಟಿಯಾಗಿ ಒದಗಿದರು. ವರ್ಲ್ಯಾಂಡರ್ ಈ ಫೆಬ್ರವರಿಯಲ್ಲಿ ಡೆಟ್ರಾಯಿಟ್‌ಗೆ ಮರಳಿದ್ದಾರೆ, 43ನೇ ವಯಸ್ಸಿಗೆ.

ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಶರ್ಝರ್ ಅವರನ್ನು ಸುಮ್ನೆ ಕಳೆದುಕೊಂಡರು ಅಂತ ಇವತ್ತಿಗೂ ಹೇಳುತ್ತಾರೆ. ಆದರೆ ಆ ವರ್ಷ ತಂಡ 90 ಪಂದ್ಯ ಗೆದ್ದು ಡಿವಿಷನ್ ಪಟ್ಟ ಪಡೆಯಿತು. "ಬುದ್ಧಿವಂತಿಕೆಯಿಂದ" ಮಾರಿದ ಮೇಲೆ ಏನಾಯಿತು? 2017ರಲ್ಲಿ 98 ಸೋಲು, 2018ರಲ್ಲಿ 98 ಸೋಲು, 2019ರಲ್ಲಿ 114 ಸೋಲು. 2014ರ ನಂತರ ಒಂಬತ್ತು ಸೀಸನ್ ಪ್ಲೇಆಫ್ ಮುಖವನ್ನೇ ನೋಡಲಿಲ್ಲ. ಇದೆಲ್ಲ ಆ ಎರಡು ಟ್ರೇಡ್‌ಗಳಿಂದಲೇ ಆಯಿತು ಅಂತ ನಾನು ಹೇಳುತ್ತಿಲ್ಲ. ತಂಡಕ್ಕೆ ವಯಸ್ಸಾಗಿತ್ತು, ಹಳೆಯ ದೊಡ್ಡ ಕರಾರುಗಳ ಭಾರ ಇತ್ತು. ಆದರೆ ಹೊಸ ಹುಡುಗರು ಬಂದರೆ ಭವಿಷ್ಯ ತಾನಾಗಿ ಬರುತ್ತದೆ ಅನ್ನುವ ನಂಬಿಕೆಗೆ ಡೆಟ್ರಾಯಿಟ್‌ನಷ್ಟು ಬೆಲೆ ತೆತ್ತ ಊರು ಕಡಿಮೆ.

ನನ್ನನ್ನು ಪೂರ್ತಿ ಒಪ್ಪಿಸಿದ್ದು 2024ರ ಬೇಸಿಗೆ. ಆಗಲೂ ಇದೇ ಗುಲ್ಲು. ಜುಲೈನಲ್ಲಿ ಟೈಗರ್ಸ್ ಅರ್ಧ ಗೆಲುವು ಅರ್ಧ ಸೋಲಿನ ತಂಡ. ಸ್ಕೂಬಲ್ ಅವರನ್ನು ಈಗ ಕೊಟ್ಟರೆ ಸಿಗುವ ಬೆಲೆ ಮುಂದೆ ಸಿಗಲ್ಲ ಅಂತ ಎಷ್ಟೋ ಮಂದಿ ಬರೆದರು. ತಂಡದ ಆಡಳಿತ ನೋಡಿಕೊಳ್ಳುವ ಸ್ಕಾಟ್ ಹ್ಯಾರಿಸ್ ಇನ್ನೊಬ್ಬ ಪಿಚ್ಚರ್ ಜಾಕ್ ಫ್ಲಾಹರ್ಟಿಯವರನ್ನು ಡಾಡ್ಜರ್ಸ್‌ಗೆ ಕೊಟ್ಟರು. ಸ್ಕೂಬಲ್ ಅವರನ್ನು ಮುಟ್ಟಲಿಲ್ಲ. ಆಗಸ್ಟ್ ಎರಡನೇ ವಾರದ ಹೊತ್ತಿಗೆ ತಂಡ ಪ್ಲೇಆಫ್ ತಲುಪುವ ಸಾಧ್ಯತೆ 0.2 ಶೇಕಡ ಅಂತ ಒಂದು ಅಂದಾಜು ಹೇಳುತ್ತಿತ್ತು. ಆಮೇಲೆ ತಂಡ ಓಡಿದ್ದೇ ಓಡಿದ್ದು. 86 ಗೆಲುವಿನೊಂದಿಗೆ ಪ್ಲೇಆಫ್‌ಗೆ ಬಂತು. ಮೊದಲ ಸುತ್ತಿನಲ್ಲಿ, ಹ್ಯೂಸ್ಟನ್ ಮೈದಾನದಲ್ಲೇ, ಸ್ಕೂಬಲ್ ಆರು ಇನಿಂಗ್ಸ್ ಒಂದೂ ರನ್ ಕೊಡದೆ ಎಸೆದು ಮೊದಲ ಪಂದ್ಯ ಗೆಲ್ಲಿಸಿದರು. ಅಕ್ಟೋಬರ್‌ನಲ್ಲಿ ಟೈಗರ್ಸ್ ಮೈದಾನ ಕೊಮೆರಿಕಾ ಪಾರ್ಕ್‌ನಲ್ಲಿ ಹತ್ತು ವರ್ಷದ ನಂತರ ಪ್ಲೇಆಫ್ ಪಂದ್ಯ ನಡೆಯಿತು. ಅಷ್ಟೊತ್ತಿಗೆ ಸ್ಕೂಲಿಗೆ ಸೇರಿ, ಪೇಪರ್ ಓದುವಷ್ಟು ದೊಡ್ಡವರಾಗಿದ್ದ ಮಕ್ಕಳಿಗೆ ಅದು ಮೊದಲ ಅನುಭವ. ಇದನ್ನು ಯಾವ ಪ್ರಾಸ್ಪೆಕ್ಟ್ (ಭರವಸೆಯ ಹುಡುಗರ) ಪಟ್ಟಿಯಲ್ಲಿ ಬರೆಯುತ್ತೀರಿ?

2025ರಲ್ಲಿ ತಂಡ ಇನ್ನೂ ಹತ್ತಿರ ಬಂದು ಇನ್ನೂ ನೋವಾಗುವಂತೆ ಸೋತಿತು. ಜುಲೈನಲ್ಲಿ ಡಿವಿಷನ್‌ನಲ್ಲಿ ಎಲ್ಲರಿಗಿಂತ ತುಂಬಾ ಮುಂದಿದ್ದ ತಂಡ ಸೆಪ್ಟೆಂಬರ್‌ನಲ್ಲಿ ಕುಸಿದು ಪಟ್ಟವನ್ನು ಕ್ಲೀವ್‌ಲ್ಯಾಂಡ್‌ಗೆ ಬಿಟ್ಟುಕೊಟ್ಟಿತು. 87 ಗೆಲುವು. ಹ್ಯೂಸ್ಟನ್‌ದೂ 87. ಟೈಬ್ರೇಕರ್ ಡೆಟ್ರಾಯಿಟ್ ಕಡೆಗಿತ್ತು, ಡಿವಿಷನ್ ಗೆಲ್ಲದ ತಂಡಗಳಿಗೆ ಮೀಸಲಾದ ಕೊನೆಯ ಪ್ಲೇಆಫ್ ಸ್ಥಾನ (ವೈಲ್ಡ್‌ಕಾರ್ಡ್) ಅದಕ್ಕೇ ಹೋಯಿತು. ಒಂದೇ ಒಂದು ಪಂದ್ಯ ಆಚೀಚೆ ಆಗಿದ್ದರೆ ಮನೆಗೆ. ಒಬ್ಬ ಒಳ್ಳೆ ಪಿಚ್ಚರ್ ವರ್ಷಕ್ಕೆ ಮೂವತ್ತು ಪಂದ್ಯ ಎಸೆಯುತ್ತಾನೆ. ಆ ಮೂವತ್ತರಲ್ಲಿ ತಂಡಕ್ಕೆ ಜಾಸ್ತಿಯಾಗಿ ಸಿಗುವ ಐದಾರು ಗೆಲುವಿನ ಬೆಲೆ ಏನು ಅನ್ನುವುದು ಇಂಥ ಕಡೆ ಗೊತ್ತಾಗುತ್ತದೆ. ಮುಂದಿನ ಸುತ್ತಿನಲ್ಲಿ ಸಿಯಾಟಲ್ ಎದುರು ಐದನೇ ಪಂದ್ಯ. ಸ್ಕೂಬಲ್ ಆರು ಇನಿಂಗ್ಸ್‌ನಲ್ಲಿ 13 ಸ್ಟ್ರೈಕೌಟ್ ಮಾಡಿದರು. ಅವರು ಹೊರಬಂದ ಮೇಲೆ ಪಂದ್ಯ 15 ಇನಿಂಗ್ಸ್‌ವರೆಗೆ ಎಳೆಯಿತು, 3-2ರಿಂದ ಸೋಲು. ಆ ಸೋಲಿನ ಬೆನ್ನಿಗೇ ಟ್ರೇಡ್ ಮಾತು ಶುರುವಾಯಿತು.

ಬೇರೆ ತಂಡಗಳ ಅನುಭವ ಏನು ಹೇಳುತ್ತದೆ? ಒಂದೇ ಉತ್ತರ ಇಲ್ಲ. 2020ರ ಫೆಬ್ರವರಿಯಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತನ್ನ ದೊಡ್ಡ ಬ್ಯಾಟರ್ ಮೂಕಿ ಬೆಟ್ಸ್ ಅವರನ್ನು ಡಾಡ್ಜರ್ಸ್‌ಗೆ ಕೊಟ್ಟಿತು. ಅವರಿಗೂ ಆಗ ಒಂದೇ ವರ್ಷ ಉಳಿದಿತ್ತು. ಡಾಡ್ಜರ್ಸ್ ಆ ವರ್ಷದ ಜುಲೈಯಲ್ಲೇ ಅವರಿಗೆ 12 ವರ್ಷದ ಕರಾರು ಕೊಟ್ಟು, 36.5 ಕೋಟಿ ಡಾಲರ್‌ಗೆ ಕಟ್ಟಿಹಾಕಿತು. ಅಲ್ಲಿಂದ ವರ್ಲ್ಡ್ ಸೀರೀಸ್ ಮೇಲೆ ವರ್ಲ್ಡ್ ಸೀರೀಸ್. ಬಾಸ್ಟನ್‌ಗೆ ಬಂದ ಮೂವರಲ್ಲಿ ಇವತ್ತು ಉಳಿದಿರುವುದು ಕ್ಯಾಚರ್ ಕಾನರ್ ವಾಂಗ್ ಮಾತ್ರ. ಬಾಸ್ಟನ್ ಬಡ ತಂಡ ಅಲ್ಲ. ಅದು ಬೆಟ್ಸ್ ಅವರನ್ನು ಉಳಿಸಿಕೊಳ್ಳಬಹುದಿತ್ತು. ಉಳಿಸಿಕೊಳ್ಳುವ ಮನಸ್ಸು ಮಾಡಲಿಲ್ಲ.

ಮಿಲ್ವಾಕಿಯ ಕಥೆ ಪೂರ್ತಿ ಉಲ್ಟಾ. ಮೇಜರ್ ಲೀಗ್ ಊರುಗಳಲ್ಲಿ ಅತಿ ಚಿಕ್ಕ ಟಿವಿ ಮಾರುಕಟ್ಟೆ ಅದು. 2024ರ ಫೆಬ್ರವರಿಯಲ್ಲಿ ಒಂದೇ ವರ್ಷ ಉಳಿದಿದ್ದ ಕಾರ್ಬಿನ್ ಬರ್ನ್ಸ್ ಅವರನ್ನು ಬಾಲ್ಟಿಮೋರ್‌ಗೆ ಕೊಟ್ಟರು. ಬಂದವರಲ್ಲಿ ಜೋಯಿ ಓರ್ಟಿಜ್ ನೇರ ತಂಡಕ್ಕೆ ಸೇರಿದರು. ಮಿಲ್ವಾಕಿ ಆ ವರ್ಷ 93 ಪಂದ್ಯ ಗೆದ್ದಿತು. ಮುಂದಿನ ವರ್ಷ 97, ಇಡೀ ಮೇಜರ್ ಲೀಗ್‌ನಲ್ಲೇ ಜಾಸ್ತಿ. ಈ ಜನವರಿಯಲ್ಲಿ ಅದೇ ಲೆಕ್ಕ ಹಾಕಿ ಫ್ರೆಡಿ ಪೆರಾಲ್ಟಾ ಅವರನ್ನು ಮೆಟ್ಸ್‌ಗೆ ಕೊಟ್ಟಿದ್ದಾರೆ. ಅವರಿಗೆ ಈ ದಾರಿ ಒಗ್ಗುತ್ತದೆ. ಯಾಕೆಂದರೆ ಯುವ ಆಟಗಾರರನ್ನು ಆರಿಸುವುದರಲ್ಲಿ, ತಿದ್ದುವುದರಲ್ಲಿ ಅವರು ಪಳಗಿದ್ದಾರೆ. ಎಲ್ಲರಿಗೂ ಆ ಕೈ ಇಲ್ಲ.

ಸಾನ್ ಡಿಯಾಗೊ 2023ರ ಡಿಸೆಂಬರ್‌ನಲ್ಲಿ ಬ್ಯಾಟರ್ ಹುವಾನ್ ಸೋಟೊ ಅವರನ್ನು ಯಾಂಕೀಸ್‌ಗೆ ಕೊಟ್ಟದ್ದು ನನಗೆ ಎಲ್ಲಕ್ಕಿಂತ ಕುತೂಹಲದ ಟ್ರೇಡ್. ಬಂದ ಐವರಲ್ಲಿ ಮೈಕಲ್ ಕಿಂಗ್ ಒಳ್ಳೆಯ ಪಿಚ್ಚರ್ ಆದರು. ಡ್ರೂ ಥಾರ್ಪ್ ಅವರನ್ನು ಮೂರೇ ತಿಂಗಳಲ್ಲಿ ಮತ್ತೆ ಚಿಕಾಗೋಗೆ ಕೊಟ್ಟು ಡಿಲನ್ ಸೀಸ್ ಅವರನ್ನು ತಂದರು. ತಂಡ 93 ಪಂದ್ಯ ಗೆದ್ದಿತು. ಅತ್ತ ಯಾಂಕೀಸ್ ಸೋಟೊ ಜೊತೆ ಒಂದೇ ವರ್ಷ ಆಡಿ ವರ್ಲ್ಡ್ ಸೀರೀಸ್‌ವರೆಗೆ ಹೋಯಿತು, ಡಾಡ್ಜರ್ಸ್ ಎದುರು ಸೋತಿತು. ಆಮೇಲೆ ಸೋಟೊ ಮೆಟ್ಸ್‌ಗೆ ಹೋದರು, 15 ವರ್ಷಕ್ಕೆ 76.5 ಕೋಟಿ ಡಾಲರ್. ಯಾಂಕೀಸ್ ಅವರನ್ನು ಕಳೆದುಕೊಂಡಿತು. ಆದರೆ ಆ ಒಂದು ವರ್ಷ ವ್ಯರ್ಥ ಆಯಿತು ಅಂತ ಯಾಂಕೀಸ್ ಅಭಿಮಾನಿ ಯಾರಾದರೂ ಹೇಳುತ್ತಾರಾ? ಕೊಂಡವರಿಗೆ ಆ ಒಂದು ವರ್ಷಕ್ಕೆ ಐವರನ್ನು ಕೊಡುವಷ್ಟು ಬೆಲೆ ಇದೆ ಅಂದರೆ, ಇಟ್ಟುಕೊಂಡವರಿಗೂ ಅಷ್ಟೇ ಬೆಲೆ ಇರಬೇಕಲ್ವಾ?

ನನ್ನ ವಾದಕ್ಕೆ ಎದುರು ನಿಲ್ಲುವ ಉದಾಹರಣೆ ಒಂದಿದೆ, ದೊಡ್ಡದು. 2023ರ ಜುಲೈನಲ್ಲಿ ಲಾಸ್ ಏಂಜಲಿಸ್ ಏಂಜಲ್ಸ್ ತಂಡ ಬ್ಯಾಟಿಂಗ್, ಪಿಚಿಂಗ್ ಎರಡೂ ಮಾಡುವ ಶೋಹೈ ಒಟಾನಿ ಅವರನ್ನು ಕೊಡುವುದಿಲ್ಲ ಅಂತ ತೀರ್ಮಾನಿಸಿತು. ಅಷ್ಟೇ ಅಲ್ಲ, ತನ್ನ ಒಳ್ಳೆ ಹುಡುಗರನ್ನೇ ಕೊಟ್ಟು ಲುಕಾಸ್ ಜಿಯೊಲಿಟೊ ಅವರನ್ನು ತಂದಿತು. ಆಗಸ್ಟ್ ಬಂದ ಕೂಡಲೇ ಸೋಲಿನ ಸರಮಾಲೆ. ಆಗಸ್ಟ್ 23ರಂದು ಒಟಾನಿ ಮೊಣಕೈ ಲಿಗಮೆಂಟ್ ಹರಿದಿದೆ ಅಂತ ಗೊತ್ತಾಯಿತು. ತಿಂಗಳ ಕೊನೆಗೆ ಜಿಯೊಲಿಟೊ ಸೇರಿ ಹಲವರನ್ನು ವೇವರ್ಸ್‌ಗೆ ಹಾಕಿತು, ಅಂದರೆ ಬೇಕಾದ ತಂಡ ಸುಮ್ಮನೆ ತೆಗೆದುಕೊಳ್ಳಲಿ ಅಂತ ಬಿಟ್ಟಿತು. 73 ಗೆಲುವು, 89 ಸೋಲು. ಡಿಸೆಂಬರ್‌ನಲ್ಲಿ ಒಟಾನಿ ಹತ್ತಿರದಲ್ಲೇ ಇರುವ ಡಾಡ್ಜರ್ಸ್‌ಗೆ ಹೋದರು. ಏಂಜಲ್ಸ್‌ಗೆ ಸಿಕ್ಕಿದ್ದು ಎರಡನೇ ಸುತ್ತಿನ ನಂತರದ ಒಂದು ಪಿಕ್.

ಹಾಗಾದರೆ ಏಂಜಲ್ಸ್ ತಪ್ಪು, ಡೆಟ್ರಾಯಿಟ್ ಸರಿ ಅಂತ ಹೇಗೆ ಹೇಳುವುದು? ವ್ಯತ್ಯಾಸ ತಂಡದಲ್ಲಿದೆ. ಏಂಜಲ್ಸ್ 2014ರ ನಂತರ ಪ್ಲೇಆಫ್ ಕಂಡಿರಲಿಲ್ಲ, ಒಟಾನಿ ಹಿಂದೆ ನಿಲ್ಲುವ ಪಿಚ್ಚರ್‌ಗಳಿರಲಿಲ್ಲ, ಮೈನರ್ ಲೀಗ್ ಅನ್ನುವ ಕೆಳಹಂತದ ಲೀಗ್‌ಗಳಿಂದ ಬರುವವರೂ ಕಡಿಮೆ. ಟೈಗರ್ಸ್ ಎರಡು ವರ್ಷ ಸತತ ಪ್ಲೇಆಫ್ ಆಡಿದ ತಂಡ. ಕೆವಿನ್ ಮೆಗಾನಿಗಲ್, ಮ್ಯಾಕ್ಸ್ ಕ್ಲಾರ್ಕ್ ಅವರಂಥ ಯುವಕರು ಬಾಗಿಲಲ್ಲಿ ನಿಂತಿದ್ದಾರೆ. ಡಿವಿಷನ್‌ನಲ್ಲಿ ಡಾಡ್ಜರ್ಸ್‌ನಂಥ ದೈತ್ಯ ಯಾರೂ ಇಲ್ಲ. ಈ ಫೆಬ್ರವರಿಯಲ್ಲಿ ಫ್ರಾಂಬರ್ ವಾಲ್ಡೆಜ್ ಅವರನ್ನು ಮೂರು ವರ್ಷಕ್ಕೆ 11.5 ಕೋಟಿ ಡಾಲರ್ ಕೊಟ್ಟು ತಂದರು. ಗೆಲ್ಲಬಲ್ಲ ತಂಡ ಗೆಲ್ಲಲು ನೋಡಬೇಕು. 1984ರಿಂದ ಡೆಟ್ರಾಯಿಟ್ ವರ್ಲ್ಡ್ ಸೀರೀಸ್ ಗೆದ್ದಿಲ್ಲ. ಇನ್ನೂ ಯಾವ ಕಾಲಕ್ಕೆ ಕಾಯುವುದು?

ಕೊಳ್ಳುವ ಕಡೆಯಿಂದಲೂ ನೋಡಬೇಕು. ಟ್ರೇಡ್ ಆಗದಿರಲು ಅರ್ಧ ಕಾರಣ ಅಲ್ಲೇ ಇದೆ ಅಂತ ನನಗನಿಸುತ್ತದೆ. ಸ್ಕೂಬಲ್ ಸಂಬಳ ಎಷ್ಟು ಅನ್ನುವುದೇ ಫೆಬ್ರವರಿವರೆಗೆ ತೀರ್ಮಾನವಾಗಿರಲಿಲ್ಲ. 2025ರಲ್ಲಿ ಅವರಿಗೆ ಸಿಕ್ಕಿದ್ದು 1 ಕೋಟಿ ಡಾಲರ್‌ಗಿಂತ ಸ್ವಲ್ಪ ಜಾಸ್ತಿ. 2026ಕ್ಕೆ ತಂಡ 1.9 ಕೋಟಿ ಅಂದಿತು, ಅವರು 3.2 ಕೋಟಿ ಅಂದರು. ಆರ್ಬಿಟ್ರೇಷನ್‌ನಲ್ಲಿ ನಡುವಿನ ಅಂಕಿ ಅನ್ನುವುದೇ ಇಲ್ಲ. ಮೂವರು ಮಧ್ಯಸ್ಥಗಾರರು ಎರಡರಲ್ಲಿ ಒಂದನ್ನು ಆರಿಸಬೇಕು. ಸಾಮಾನ್ಯವಾಗಿ ಆಟಗಾರ ತನ್ನಷ್ಟೇ ವರ್ಷ ಆಡಿದವರ ಸಂಬಳದ ಜೊತೆ ಹೋಲಿಸಿ ವಾದಿಸುತ್ತಾನೆ. ಆದರೆ ಐದು ವರ್ಷ ದಾಟಿ, ವಿಶೇಷ ಸಾಧನೆ ಮಾಡಿದವರು ಫ್ರೀ ಏಜೆಂಟ್ ಆಗಿ ದುಡಿಯುತ್ತಿರುವವರ ಜೊತೆಗೂ ಹೋಲಿಸಿಕೊಳ್ಳಬಹುದು. ಸ್ಕೂಬಲ್ ಪರ ನಿಂತವರು ಆ ಬಾಗಿಲು ತಟ್ಟಿದರು. ಗೆದ್ದರು. ಆರ್ಬಿಟ್ರೇಷನ್ ಹಂತದ ಆಟಗಾರನಿಗೆ ಇದುವರೆಗೆ ಸಿಕ್ಕ ಅತಿ ಹೆಚ್ಚು ಸಂಬಳ ಅದು. ಹಿಂದಿನ ದಾಖಲೆ ಸೋಟೊ ಅವರ 3.1 ಕೋಟಿ.

ಈಗ ಡಾಡ್ಜರ್ಸ್ ಜಾಗದಲ್ಲಿ ನಿಂತು ಲೆಕ್ಕ ಹಾಕಿ. ಸಂಬಳಕ್ಕೆ ಅತಿ ಖರ್ಚು ಮಾಡುವ ತಂಡದ ಮೇಲೆ ಲೀಗ್ ಹಾಕುವ ತೆರಿಗೆಯೇ ಲಕ್ಷುರಿ ಟ್ಯಾಕ್ಸ್. 2026ಕ್ಕೆ ಅದು ಶುರುವಾಗುವ ಮಿತಿ 24.4 ಕೋಟಿ ಡಾಲರ್. ವರ್ಷವರ್ಷ ಮೀರುತ್ತಾ, ಅದೂ ತುಂಬಾ ಮೇಲೆ ಮೀರುವ ತಂಡ ಮೇಲಿನ ಪ್ರತಿ ಡಾಲರ್‌ಗೆ 110 ಶೇಕಡ ತೆರಿಗೆ ಕಟ್ಟುತ್ತದೆ. ಅಂದರೆ ಸ್ಕೂಬಲ್ ಸಂಬಳ 3.2 ಕೋಟಿ, ಅದರ ಮೇಲೆ ತೆರಿಗೆ 3.52 ಕೋಟಿ. ಒಟ್ಟು 6.72 ಕೋಟಿ ಡಾಲರ್, ಜೊತೆಗೆ ಮೈನರ್ ಲೀಗ್‌ನ ಮೂರ್ನಾಲ್ಕು ಅತ್ಯುತ್ತಮ ಹುಡುಗರು. ಇಷ್ಟೆಲ್ಲ ಒಂದು ವರ್ಷಕ್ಕೆ. ಅದೂ ಎರಡು ಬಾರಿ ಕತ್ತಿ ಕಂಡ ತೋಳಿಗೆ. ಇದೇ ಜನವರಿಯಲ್ಲಿ ಡಾಡ್ಜರ್ಸ್ ಫ್ರೀ ಏಜೆಂಟ್ ಆಗಿದ್ದ ಕೈಲ್ ಟಕರ್ ಅವರನ್ನು ನಾಲ್ಕು ವರ್ಷಕ್ಕೆ 24 ಕೋಟಿ ಕೊಟ್ಟು ತಂದಿತು. ಹುಡುಗರಲ್ಲಿ ಒಬ್ಬರನ್ನೂ ಕೊಡಬೇಕಾಗಿ ಬರಲಿಲ್ಲ, ಹಣ ಮತ್ತು ಮುಂದಿನ ಡ್ರಾಫ್ಟ್ ಪಿಕ್‌ಗಳು ಅಷ್ಟೇ. ಹಣ ಇರುವ ತಂಡಕ್ಕೆ ಇನ್ನೊಂದು ವರ್ಷ ಕಾದು ಸ್ಕೂಬಲ್ ಅವರನ್ನೂ ಹೀಗೇ ತರುವುದು ಸುಲಭ. ಹಣ ಇಲ್ಲದ ತಂಡಕ್ಕೆ ಒಂದು ವರ್ಷದ ನಂತರ ಅವರನ್ನು ಉಳಿಸಿಕೊಳ್ಳುವ ಶಕ್ತಿ ಇಲ್ಲ. ಹೀಗಾಗಿ ಟೈಗರ್ಸ್ ಕೇಳಬೇಕಾದ ಬೆಲೆಯನ್ನು ಕೊಡುವ ಅಗತ್ಯ ಯಾರಿಗೂ ಇರಲಿಲ್ಲ ಅನ್ನುವುದು ನನ್ನ ಊಹೆ.

ಇನ್ನು ಸುದ್ದಿ ಹುಟ್ಟುವ ರೀತಿ. ವರದಿಗಾರರಿಗೆ ಮಾಹಿತಿ ಕೊಡುವವರು ಎರಡೇ ಕಡೆಯವರು, ತಂಡಗಳು ಮತ್ತು ಏಜೆಂಟರು. ಇಬ್ಬರಿಗೂ ತಮ್ಮದೇ ಲಾಭ ಇದೆ. ಬೆಲೆ ಏರಿಸಬೇಕಾದ ತಂಡ "ನಾಲ್ಕು ಕಡೆಯಿಂದ ಕೇಳುತ್ತಿದ್ದಾರೆ" ಅನ್ನುತ್ತದೆ. ಕೇಳುವುದು ಅಂದರೆ ಎಲ್ಲರೂ ಎಲ್ಲರ ಬಗ್ಗೆಯೂ ಕೇಳುತ್ತಾರೆ, ಅದು ಅವರ ದಿನದ ಕೆಲಸ. 2023ರ ಡಿಸೆಂಬರ್ 8 ನೆನಪಿದೆಯಾ? ಒಟಾನಿ ಟೊರೊಂಟೊಗೆ ವಿಮಾನ ಹತ್ತಿದ್ದಾರೆ ಅಂತ ಸುದ್ದಿ ಬಂತು. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಿಂದ ಟೊರೊಂಟೊಗೆ ಹೊರಟ ಒಂದು ಖಾಸಗಿ ವಿಮಾನವನ್ನು ಸಾವಿರಾರು ಜನ ಮೊಬೈಲ್‌ನಲ್ಲಿ ಹಿಂಬಾಲಿಸಿದರು. ಟೊರೊಂಟೊ ಅಭಿಮಾನಿಗಳು ಆಗಲೇ ಕುಣಿಯುತ್ತಿದ್ದರು. ವಿಮಾನ ಇಳಿಯಿತು, ಒಳಗಿದ್ದದ್ದು ರಾಬರ್ಟ್ ಹರ್ಜಾವೆಕ್ ಅನ್ನುವ ಕೆನಡಾದ ಉದ್ಯಮಿ ಮತ್ತು ಅವರ ಕುಟುಂಬ. ಒಟಾನಿ ಅತ್ತ ಹೋಗಿಯೇ ಇರಲಿಲ್ಲ. ಮಾರನೇ ದಿನ ತಾನು ಡಾಡ್ಜರ್ಸ್ ಸೇರುತ್ತಿದ್ದೇನೆ ಅಂತ ಅವರೇ ಇನ್‌ಸ್ಟಾಗ್ರಾಂನಲ್ಲಿ ತಿಳಿಸಿದರು. ವರದಿಗಾರ ಕ್ಷಮೆ ಕೇಳಿದರು. ಅಭಿಮಾನಿಗಳ ಆಸೆ ಜಾಸ್ತಿ ಇದ್ದಾಗ ಸಾಕ್ಷಿ ಸ್ವಲ್ಪ ಸಾಕಾಗುತ್ತದೆ. ಸುದ್ದಿ ಕೊಡುವವರ ಜವಾಬ್ದಾರಿ ಆಗಲೇ ಹೆಚ್ಚು.

ಮುಂದಿನ ಚಳಿಗಾಲ ಇದಕ್ಕಿಂತ ಕಷ್ಟದ್ದು. ಮಾಲೀಕರು ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಮಾಲೀಕರಲ್ಲಿ ಹಲವರಿಗೆ ಸಂಬಳಕ್ಕೆ ಒಟ್ಟು ಮಿತಿ ಬೇಕು. ಅಮೆರಿಕನ್ ಫುಟ್‌ಬಾಲ್, ಬಾಸ್ಕೆಟ್‌ಬಾಲ್, ಐಸ್ ಹಾಕಿ, ಅಮೆರಿಕದ ಉಳಿದ ಮೂರು ದೊಡ್ಡ ಲೀಗ್‌ಗಳಲ್ಲಿ ಅದಿದೆ. ಬೇಸ್‌ಬಾಲ್ ಆಟಗಾರರು ಅದನ್ನು ಎಂದೂ ಒಪ್ಪಿಲ್ಲ. 1994ರಲ್ಲಿ ಇದೇ ಜಗಳಕ್ಕೆ ಮುಷ್ಕರವಾಗಿ ವರ್ಲ್ಡ್ ಸೀರೀಸೇ ನಡೆಯಲಿಲ್ಲ. 2021ರ ಡಿಸೆಂಬರ್‌ನಲ್ಲಿ ಮಾಲೀಕರು ಲಾಕೌಟ್ ಮಾಡಿದಾಗ 99 ದಿನ ಒಬ್ಬನನ್ನೂ ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಆಟಗಾರ ತನ್ನ ತಂಡದ ಡಾಕ್ಟರ್ ಜೊತೆ ಮಾತಾಡುವಂತೆಯೂ ಇರಲಿಲ್ಲ.

ಸ್ಕೂಬಲ್ ಫ್ರೀ ಏಜೆಂಟ್ ಆಗುವುದು ಇದೇ ಹೊತ್ತಿಗೆ, 30ರ ಹೊಸ್ತಿಲಲ್ಲಿ. ಪಿಚಿಂಗ್ ಮಾತ್ರ ಮಾಡುವವರಿಗೆ ಸಿಕ್ಕ ಅತಿ ದೊಡ್ಡ ಕರಾರು ಯೊಶಿನೊಬು ಯಮಾಮೊಟೊ ಅವರ 32.5 ಕೋಟಿ ಡಾಲರ್. ಸ್ಕೂಬಲ್ 40 ಕೋಟಿ ದಾಟುತ್ತಾರೆ ಅನ್ನುವ ಮಾತಿದೆ. ಹೊಸ ನಿಯಮ ಹೇಗಿರುತ್ತದೋ ಗೊತ್ತಿಲ್ಲದೆ ಯಾರು ಅಷ್ಟು ಬರೆದುಕೊಡುತ್ತಾರೆ? ಡಿಸೆಂಬರ್ 1ರ ಮುಂಚೆಯೇ ಅವಸರದಲ್ಲಿ ಕರಾರುಗಳು ಆಗಬಹುದು. 2021ರ ನವೆಂಬರ್‌ನಲ್ಲಿ ಹಾಗೇ ಆಗಿತ್ತು. ಇಲ್ಲದಿದ್ದರೆ ಎಲ್ಲರೂ ಕೈಕಟ್ಟಿ ಕೂರಬಹುದು. ಆಗ ಅಭಿಮಾನಿಗಳು ದೊಡ್ಡ ಊರಿನವರೇ ಆಗಲಿ ಸಣ್ಣ ಊರಿನವರೇ ಆಗಲಿ, ಎಲ್ಲರ ಪಾಡೂ ಒಂದೇ.

ಅದಕ್ಕೂ ಮೊದಲು ಒಂದು ತಿರುವಿದೆ. ಜುಲೈ ಕೊನೆಯ ವಾರ ಟ್ರೇಡ್ ಗಡುವು ಹತ್ತಿರ ಬಂದಾಗ ಸ್ಕೂಬಲ್ ಹೆಸರು ಖಂಡಿತ ಮತ್ತೆ ಬರುತ್ತದೆ. ಆಗ ಎರಡು ವಿಷಯ ನೋಡಿ. ಟೈಗರ್ಸ್ ಪ್ಲೇಆಫ್ ಓಟದಲ್ಲಿ ಇದೆಯಾ? ಇದ್ದರೆ ಆ ಸುದ್ದಿ ಪಕ್ಕಕ್ಕಿಡಿ. ಇಲ್ಲದೆ ಹೋದರೆ, ತಂಡ ಹತ್ತು ಹನ್ನೆರಡು ಪಂದ್ಯ ಹಿಂದೆ ಬಿದ್ದಿದ್ದರೆ, ಹ್ಯಾರಿಸ್ ಆಗ ಸ್ಕೂಬಲ್ ಅವರನ್ನು ಕೊಟ್ಟರೂ ನಾನು ತಪ್ಪು ಅನ್ನುವುದಿಲ್ಲ. ಏಂಜಲ್ಸ್ ಹಾಗೆ ಕಣ್ಣುಮುಚ್ಚಿ ಕೂರಬಾರದು. ಆದರೆ ಬೆಲೆ ಈ ಚಳಿಗಾಲದಷ್ಟು ಸಿಗುವುದಿಲ್ಲ. ಈಗಿನ ನಿಯಮದಂತೆ, ಸೀಸನ್ ಮಧ್ಯೆ ಬಂದ ಆಟಗಾರ ಬಿಟ್ಟು ಹೋದರೆ ಕೊಂಡ ತಂಡಕ್ಕೆ ಡ್ರಾಫ್ಟ್ ಪಿಕ್ ಕೂಡ ಬರುವುದಿಲ್ಲ. ಎರಡು ತಿಂಗಳ ಬೇಸ್‌ಬಾಲ್ ಮತ್ತು ಒಂದು ಅಕ್ಟೋಬರ್, ಅಷ್ಟಕ್ಕೇ ಬೆಲೆ ಕಟ್ಟಬೇಕು. ಡೆಟ್ರಾಯಿಟ್ ಆ ನಷ್ಟವನ್ನು ತಿಳಿದೇ ಒಪ್ಪಿಕೊಂಡಿದೆ.